ದೊಡ್ಡ ಎನ್

"ಎರಡೂ ಹೆಬ್ಬೆರಳು ಕೀಲಿ ಮೇಲಿರಲಿ," ಎಂದ ಸಾಹೇಬ ವಿಲ್ಲಾಸ್ಮಿಲ್. "ನಾನು ಹೇಳಿದ್ದನ್ನ ಹೇಳಿದ ಹಾಗೇ ಹೊಡೀಬೇಕು. ಒಂದು ನಿಮಿಷ. ಮುಗಿದ ತಕ್ಷಣ ನನಗೆ ಕಳಿಸಿ."

ಉದ್ದ ಮೇಜಿನ ಸುತ್ತ ಹದಿಮೂರು ಜನ ಫೋನು ಹಿಡಿದು ಕೂತಿದ್ದರು. ಏಸಿ ಕೆಟ್ಟು ಎರಡು ವಾರ. ಕಿಟಕಿ ಮುಚ್ಚಿದ್ದರೂ ಮರಕೈಬೊ ಊರಿನ ಬಿಸಿಲು ಒಳಗೇ ಕೂತಿತ್ತು. ಎದುರಿನ ಫಾರ್ಮಿನ ತಲೆಯಲ್ಲಿ 'ಹೊಸ ಆಫೀಸ್ ಫೋನಿನ ಮೌಲ್ಯಮಾಪನ' ಎಂದಿತ್ತು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬಿಸಿಲಲ್ಲಿ ಅಕ್ಷರ ಕಾಣುತ್ತದೆಯೇ, ಪೂರ್ತಿ ಕೀಲಿಮಣೆಯಲ್ಲಿ ಎಷ್ಟು ಬೇಗ ಬರೆಯಬಹುದು. ಮಾರುವವರು ಒಂದು ತಿಂಗಳ ಮಟ್ಟಿಗೆ ಹದಿನಾಲ್ಕು ಫೋನು ಬಿಟ್ಟುಹೋಗಿದ್ದರು. ಕೊಳ್ಳುವುದೋ ಬಿಡುವುದೋ, ಇವತ್ತು ತೀರ್ಮಾನವಂತೆ.

ಸುಳ್ಳು. ಇವತ್ತು ಪರೀಕ್ಷೆ ಫೋನಿಗಲ್ಲ ಎಂದು ಅವರಲ್ಲೊಬ್ಬಳಾದ ಯುರೈಮಾಗೆ ಗೊತ್ತಿತ್ತು.

ಹದಿನಾಲ್ಕನೆಯ ಫೋನು ಅಡೆಲ್ಮೊ ಕಸ್ತಾನ್ಯೆದಾನದು. ಈ ಲಿಫ್ಟ್ ರಿಪೇರಿ ಕಂಪನಿಗೆ ಹನ್ನೊಂದು ವರ್ಷ ಬೆವರು ಸುರಿಸಿದವನು, ಮೂರು ವಾರದ ಹಿಂದೆ ಒಂಬತ್ತನೆಯ ಮಹಡಿಯಿಂದ ಲಿಫ್ಟಿನ ಜೊತೆಗೇ ಕೆಳಗೆ ಹೋದ. ಕುಡಿದಿದ್ದ ಎಂದು ಬರೆದು ಕಂಪನಿ ಕೈ ತೊಳೆದುಕೊಂಡಿತು. ಹೆಂಡತಿ ಗೇಟಿಗೆ ಬಂದಾಗ ಕಾವಲುಗಾರನ ಬಾಯಲ್ಲೂ ಅದನ್ನೇ ಹೇಳಿಸಿತು. ಕಳೆದ ಸೋಮವಾರ, ಬೀರುವಿನಲ್ಲಿ ಬಿದ್ದಿದ್ದ ಸತ್ತವನ ಫೋನಿನಿಂದ ಆಫೀಸಿನ ಎಲ್ಲರಿಗೂ, ಊರಿನ ಕಟ್ಟಡ ಸಮಿತಿಗಳಿಗೂ ಒಂದು ಸಂದೇಶ ಹೋಯಿತು: ಕಸ್ತಾನ್ಯೆದಾ ಕುಡಿದಿರಲಿಲ್ಲ. ಆ ಲಿಫ್ಟಿನ ಬ್ರೇಕು ಹಾಳಾಗಿ ಒಂದು ವರ್ಷವಾಗಿತ್ತು. ವಿಲ್ಲಾಸ್ಮಿಲ್‌ಗೆ ಅದು ಗೊತ್ತಿತ್ತು.

ಬರೆದವಳು ಯುರೈಮಾ. ಕರೆ ಬಂದ ಕಡೆಗೆ ಮೆಕ್ಯಾನಿಕ್‌ಗಳನ್ನು ಓಡಿಸುವುದು ಅವಳ ಕೆಲಸ. ಆ ಬ್ರೇಕಿನ ದೂರನ್ನು ಮೂರು ಸಲ ಸಾಹೇಬನ ಮೇಜಿಗೆ ಮುಟ್ಟಿಸಿದವಳೂ ಅವಳೇ. ಬರೆದವರು ಸಿಕ್ಕರೆ ಅವತ್ತೇ ಹೊರಗೆ, ಈ ಊರಿನ ಯಾವ ಕಂಪನಿಯೂ ಒಳಗೆ ಬಿಟ್ಟುಕೊಳ್ಳದ ಹಾಗೆ ಮಾಡುತ್ತೇನೆ ಎಂದು ವಿಲ್ಲಾಸ್ಮಿಲ್ ಎಲ್ಲರ ಮುಂದೆ ಹೇಳಿದ್ದ.

ಅವಳನ್ನು ಹಿಡಿದುಕೊಡಲು ಒಂದೇ ಅಕ್ಷರ ಸಾಕಿತ್ತು. ಸ್ಪ್ಯಾನಿಷಿನಲ್ಲಿ 'ನ್ಯ' ಎಂದು ಓದುವ, ತಲೆಯ ಮೇಲೆ ಅಲೆಯಿರುವ ಎನ್. ಇಂಗ್ಲಿಷಿನವರಿಗೆಂದು ಮಾಡಿದ ಈ ಫೋನಿನಲ್ಲಿ ಅದಕ್ಕೆ ಕೀಲಿಯೇ ಇರಲಿಲ್ಲ. ಎನ್ ಒತ್ತಿ ಹಿಡಿದು, ನಡುವಿನ ಗುಂಡು ಉರುಳಿಸಿದರೆ ಮಾತ್ರ ಅಲೆ ಏಳುತ್ತಿತ್ತು. ಅಲೆ ಮರೆತರೆ ವರ್ಷ ಎಂಬ 'ಆನ್ಯೊ' ಹೋಗಿ 'ಆನೊ' ಆಗುತ್ತದೆ, ಕುಂಡೆಯ ತೂತು. ಮೊದಲ ವಾರ ಇಡೀ ಆಫೀಸು ಅದಕ್ಕೇ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಉಳಿದವರು ಗುಂಡು ಉರುಳಿಸುವುದನ್ನು ಕಲಿತರು. ಯುರೈಮಾಗೆ ಅಷ್ಟು ಪುರುಸೊತ್ತು ಎಲ್ಲಿಯದು? ಲಿಫ್ಟಿನಲ್ಲಿ ಸಿಕ್ಕಿಕೊಂಡ ಮುದುಕಿ ಬಾಗಿಲು ಬಡಿಯುತ್ತಿರುವಾಗ ಗುಂಡು ಉರುಳಿಸುತ್ತ ಕೂರುವುದೇ? ಅದರ ಬದಲು ಪದದ ನಡುವೆ ಒಂದು ದೊಡ್ಡಕ್ಷರದ ಎನ್ ಗುದ್ದಿ ಮುಂದಕ್ಕೆ ಹೋಗುತ್ತಿದ್ದಳು. ಸೋಮವಾರವೂ ಸಿಟ್ಟಿನಲ್ಲಿ ಹಾಗೆಯೇ ಗುದ್ದಿದ್ದಳು.

ಸಾಹೇಬನಿಗೆ ಅವಳ ಸಂದೇಶ ಹೋಗುತ್ತಿರಲಿಲ್ಲ. ಮೆಕ್ಯಾನಿಕ್‌ಗಳಿಗೆ ದಿನವೂ ಹೋಗುತ್ತಿತ್ತು. ಯಾರು ಮೊದಲು ಬಾಯಿ ಬಿಡುತ್ತಾರೆ ಎನ್ನುವುದಷ್ಟೇ ಉಳಿದಿತ್ತು.

ಎವೆಲಿಯೊ ಎಂದು ಅವಳು ಲೆಕ್ಕ ಹಾಕಿದ್ದಳು. ಎಲ್ಲರಿಗಿಂತ ಹಳೆಯ ಮೆಕ್ಯಾನಿಕ್, ಶನಿವಾರ ಶನಿವಾರ ಸಾಹೇಬನ ಜೊತೆ ಡಾಮಿನೊ ಆಡುವವನು. ಬುಧವಾರ ಅವಳ ಮೇಜಿಗೆ ಬಂದು ಕುರ್ಚಿ ಎಳೆದುಕೊಂಡ.

"ತಂಗಿ, ಆ ದೊಡ್ಡ ಎನ್ ಹೆಂಗೆ ಹೊಡೀತೀಯ? ಯಾವ ಕೀಲಿ ಮೊದಲು?"

"ಯಾವ ದೊಡ್ಡ ಎನ್?"

"ಹೋಗ್ಲಿ ಬಿಡು, ಬಾಯಲ್ಲಿ ಹೇಳ್ಬೇಡ. ಹೊಡೆದು ತೋರ್ಸು, ನೋಡ್ಕೋತೀನಿ."

ತೋರಿಸಲಿಲ್ಲ. ಆದರೂ ಮುಂದಿನ ಕರೆ ಬರುವವರೆಗೆ ಕೂತೇ ಇದ್ದು, ಅವಳ ಹೆಬ್ಬೆರಳನ್ನು ಕಣ್ಣು ಮಿಟುಕಿಸದೆ ನೋಡಿ ಎದ್ದುಹೋದ. ಮರುದಿನ ಸಾಹೇಬನ ಕಾರ್ಯದರ್ಶಿ ದಿಲ್ಸಿಯಾ, ಇವತ್ತಿನ ಫಾರ್ಮನ್ನು ಟೈಪು ಮಾಡಿದವಳು, ಪಾಸ್ತೆಲಿತೊ ಎಂಬ ಕರಿದ ಕಡುಬು ಮೆಲ್ಲುತ್ತ ಯುರೈಮಾಳ ಭುಜದ ಮೇಲಿಂದ ಫೋನಿಗೆ ಇಣುಕಿದಳು. ಕಾಫಿ ಕೋಣೆಗೆ ಯುರೈಮಾ ಕಾಲಿಟ್ಟರೆ ಸಾಕು, ಮಾತು ಕತ್ತರಿಸಿದಂತೆ ನಿಲ್ಲುತ್ತಿತ್ತು. ನಾಯಿಗಳು, ಎಂದುಕೊಂಡಳು. ಅಡೆಲ್ಮೊನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಇವರೇ.

ವಿಲ್ಲಾಸ್ಮಿಲ್ ಗಡಿಯಾರ ನೋಡಿ ಓದತೊಡಗಿದ. "ಈ ವರ್ಷ ಯಾವ ಜೊತೆಗಾರನೂ ಕುಡಿದು ಕೆಲಸಕ್ಕೆ ಬರಬಾರದು. ನಾಳೆಯೂ ಅಷ್ಟೇ."

ಆನ್ಯೊ, ಕೊಂಪನ್ಯೆರೊ, ಮನ್ಯಾನಾ. ಒಂದೇ ಉಸಿರಿಗೆ ಮೂರು ಬಲೆ.

ತಪ್ಪಿಸಿಕೊಳ್ಳುವುದು ಕಷ್ಟವೇನಲ್ಲ. ಒತ್ತಿ ಹಿಡಿದು ಗುಂಡು ಉರುಳಿಸಿದರಾಯಿತು. ಅವಳ ಹೆಬ್ಬೆರಳು ಎನ್ ಮೇಲೆ ಕೂತಿತು. ಆಗ ಅವನು ಮತ್ತೊಮ್ಮೆ ಓದಿದ. ಕುಡಿದು ಎಂಬಲ್ಲಿ ಸ್ವಲ್ಪ ನಿಂತು, ನಕ್ಕ.

ಗೇಟಿನ ಸರಳು ಹಿಡಿದು ನಿಂತಿದ್ದ ಅಡೆಲ್ಮೊನ ಹೆಂಡತಿಯ ಬೆರಳುಗಳು ಯುರೈಮಾಗೆ ನೆನಪಾದವು. ಗುದ್ದಿದಳು. ವರ್ಷಕ್ಕೊಂದು, ಜೊತೆಗಾರನಿಗೊಂದು, ನಾಳೆಗೊಂದು. ಎಲ್ಲರಿಗಿಂತ ಮೊದಲು ಕಳಿಸಿ, ತಲೆಯೆತ್ತಿ ಅವನ ಕಣ್ಣಲ್ಲಿ ಕಣ್ಣಿಟ್ಟಳು.

ಅವನ ಫೋನು ಗುಂಯ್‌ಗುಟ್ಟಿತು. ಓದಿದ. ತುಟಿ ಅರಳಿತು. ಯುರೈಮಾ ಬ್ಯಾಗು ಎತ್ತಿಕೊಂಡು ಎದ್ದಳು.

"ಕೂತ್ಕೊ," ಎಂದ. "ಎಲ್ಲರದೂ ಬರಲಿ. ಎಲ್ಲರ ಎದುರಿಗೇ ಹೇಳ್ತೀನಿ."

ಅವಳು ಕೂರಲಿಲ್ಲ.

ಫೋನು ಮತ್ತೆ ಗುಂಯ್‌ಗುಟ್ಟಿತು. ಮತ್ತೆ. ಬಿಟ್ಟೂ ಬಿಡದೆ. ಅವನು ಮೇಲಕ್ಕೆ ಉರುಳಿಸಿದ, ಕೆಳಕ್ಕೆ ಉರುಳಿಸಿದ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ದಿಲ್ಸಿಯಾ ಉಗುರು ನೋಡಿಕೊಳ್ಳುತ್ತಿದ್ದಳು. ಅವನು ಫೋನನ್ನು ಮೇಜಿನ ಮೇಲೆ ಕುಕ್ಕಿದಾಗ ಅದು ಜಾರಿ ಯುರೈಮಾಳ ಮುಂದೆ ಬಂದು ನಿಂತಿತು.

"ಕೀಲಿಮಣೆ ಒಳ್ಳೇದಿದೆ ಇಂಜಿನಿಯರ್ ಸಾಹೇಬ್ರೇ," ಎಂದ ಎವೆಲಿಯೊ, ಸೂರು ನೋಡುತ್ತ. "ಎಲ್ಲರ ಕೈಗೂ ಕೂರುತ್ತೆ."

ಪರದೆಯ ಮೇಲೆ ಹದಿಮೂರು ಸಂದೇಶಗಳಿದ್ದವು, ಮೂವತ್ತೊಂಬತ್ತು ದೊಡ್ಡ ಎನ್.