ಕಡಗವಿಲ್ಲದ ಭಾನುವಾರ

ಚರ್ಚಿನ ಗಂಟೆ ಮೊಳಗಿತು. ಆರೋಗ್ಯಮ್ಮನ ಕಾಲು ಮಾತ್ರ ಮೇಲೇಳಲಿಲ್ಲ.

ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸಿದ ದಿನ ಕಾಲಿಗೆ ಹಾಕಿದ ಕಡಗವೇ ಇಷ್ಟು ವರ್ಷ ಪ್ರತಿ ಭಾನುವಾರ ಏಳಕ್ಕೆ ಸರಿಯಾಗಿ ಆಕೆಯನ್ನು ಪೂಜೆಗೆ ನಡೆಸುತ್ತಿತ್ತು. ಜ್ವರವಿದ್ದರೂ, ಒಲೆಯ ಮೇಲೆ ಹಾಲಿದ್ದರೂ ಕಡಗ ತೊಟ್ಟ ಊರಿನ ಎಲ್ಲರ ಕಾಲುಗಳೂ ಹಾಗೆಯೇ ಹೊರಡುತ್ತಿದ್ದವು. ಅರವತ್ತು ತುಂಬಿದವರ ಕಡಗ ಬಿಚ್ಚುವುದು ಪದ್ಧತಿ. ಆಕೆಯದನ್ನು ಮೊನ್ನೆ ಶುಕ್ರವಾರ ಬಿಚ್ಚಿದ್ದರು.

ಎದುರುಮನೆಯ ಚೌರಪ್ಪ ಅರ್ಧ ಗಡ್ಡ ಬೋಳಿಸಿಕೊಂಡೇ ನಡೆದುಹೋದ. ತನಗೆ ಹೋಗಬೇಕೆನಿಸುತ್ತಿದೆಯೋ ಇಲ್ಲವೋ, ಎಷ್ಟು ಯೋಚಿಸಿದರೂ ಆಕೆಗೆ ತಿಳಿಯಲಿಲ್ಲ. ಪೂಜೆ ಮುಗಿದು ಎಲ್ಲರೂ ಮರಳಿದ ಮೇಲೆ ಎದ್ದು ಹೊರಟಳು.

ಫಾದರ್ ಇನ್ನಾಸಪ್ಪ ಮೇಣದಬತ್ತಿ ಆರಿಸುತ್ತಿದ್ದರು.

“ಕಡಗ ವಾಪಸ್ ಹಾಕ್ಬಿಡಿ ಫಾದರ್. ದೇವರ ಮೇಲೆ ಪ್ರೀತಿ ಇದ್ದದ್ದು ನಂಗಾ, ನನ್ ಕಾಲಿಗಾ, ಒಂದೂ ಗೊತ್ತಾಗ್ತಿಲ್ಲ. ನಾನು ಬರದೇ ಹೋದ್ರೆ ದೇವರಿಗೆ ನನ್ ಮೇಲೆ ಪ್ರೀತಿ ಇರುತ್ತಾ?”

“ದೇವರ ಪ್ರೀತಿಗೇನೂ ಆಗಲ್ಲಮ್ಮ. ನಮ್ ಪ್ರೀತೀದೇ ಗೊತ್ತಾಗಲ್ಲ.” ಫಾದರ್ ನಿಲುವಂಗಿಯನ್ನು ತುಸು ಎತ್ತಿದರು. ಅವರ ಕಾಲಿನಲ್ಲೂ ಕಡಗವಿತ್ತು. “ನಾನಿನ್ನೂ ಬಿಚ್ಚಿ ನೋಡಿಲ್ಲ. ನೀವೇ ಹೇಳಿ, ಈಗ ನಿಮ್ಮನ್ನ ಇಲ್ಲೀಗಂಟ ಯಾರು ಕರ್ಕೊಂಡ್ ಬಂದ್ರು?”

ಆರೋಗ್ಯಮ್ಮ ಬಗ್ಗಿ ನೋಡಿಕೊಂಡಳು. ಕಡಗವಿದ್ದ ಜಾಗ ಬಿಳುಪಾಗಿತ್ತು. ಪಾದಕ್ಕೆ ಹೊಸ ಧೂಳು ಹತ್ತಿತ್ತು.