ಹುಲಿಗೆ ಇನ್ನೊಂದು ಪಟ್ಟೆ

ಅಮ್ಮ ಮೇಜಿನತ್ತ ಬಗ್ಗಿದಾಗ ಅಪ್ಪ, "ಮುಟ್ಟಬೇಡ, ಬಣ್ಣ ಹಸಿ ಇದೆ" ಎಂದ. ಹಳೇ ಪೇಪರಿನ ಮೇಲೆ ಅಂಗೈಯಗಲದ ಕಲ್ಲೊಂದು ಹುಲಿಯಾಗಿ ಮಲಗಿತ್ತು. ಮೈತುಂಬ ಕಪ್ಪು ಪಟ್ಟೆ. "ಈಗಲೇ ವಾರ್ನಿಷ್ ಹಚ್ಚಿದರೆ ಎಲ್ಲ ಕಲಸಿಹೋಗುತ್ತೆ. ಹಚ್ಚದೆ ಒಯ್ದರೆ ಬ್ಯಾಗಲ್ಲಿ ಉಜ್ಜಿಹೋಗುತ್ತೆ."

"ಹೋದ ವಾರ ಆಮೆ ಒಣಗಿರಲಿಲ್ಲ. ಅದರ ಹಿಂದಿನ ವಾರ ಗೂಬೆ. ನಿಮ್ಮನೆ ಬಣ್ಣಕ್ಕೇ ಯಾಕಪ್ಪಾ ಈ ರೋಗ? ಹೊರಗೆ ನಾನು ಹಾರ್ನ್ ಹೊಡೆದೂ ಹೊಡೆದೂ ಪಕ್ಕದ ಮನೆಯವರು ಹೊರಗೆ ಬಂದರು" ಎಂದಳು ಅಮ್ಮ. ಇಬ್ಬರೂ ಬೇರೆಯಾದ ಮೇಲೆ ಮಗಳು ಭಾನುವಾರ ಮಾತ್ರ ಅಪ್ಪನ ಜೊತೆ ಇರುತ್ತಿದ್ದಳು. ಸಂಜೆ ಅಮ್ಮ ಬಂದು ಕರೆದೊಯ್ಯುತ್ತಿದ್ದಳು.

ಕಲ್ಲು ಯಾವಾಗಲೋ ಒಣಗಿತ್ತು. ಅದು ಮಗಳಿಗೂ ಗೊತ್ತಿತ್ತು. ಆಗಲೇ ಮುಟ್ಟಿ ನೋಡಿ, ಬೆರಳಿಗೆ ಏನೂ ಅಂಟದಿದ್ದರೂ ಸುಮ್ಮನಿದ್ದಳು.

"ನೋಡೇಬಿಡೋಣ" ಎಂದು ಅಮ್ಮ ಬೆರಳು ಚಾಚಿದಳು. ಮೇಜಿನ ಬಳಿಯೇ ಕೂತಿದ್ದ ಮಗಳು ಬ್ರಷ್ಷನ್ನು ಕಪ್ಪು ಬಣ್ಣದಲ್ಲಿ ಅದ್ದಿ, ಅಮ್ಮ ನೋಡುತ್ತಿದ್ದ ಹಾಗೆಯೇ, ಹುಲಿಯ ಬೆನ್ನಿನಲ್ಲಿ ಜಾಗವೇ ಇಲ್ಲದ ಕಡೆ ಇನ್ನೊಂದು ಪಟ್ಟೆ ಎಳೆದಳು.

"ಒಂದು ಬಿಟ್ಟುಹೋಗಿತ್ತು" ಎಂದಳು, ತಲೆಯೆತ್ತದೆ.

ಅಮ್ಮನ ಬೆರಳು ಕಲ್ಲನ್ನು ಮುಟ್ಟದೆ ಹಾಗೇ ನಿಂತಿತು. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದ. ಅಮ್ಮ ಹೊಸ ಪಟ್ಟೆಯ ಮೇಲೆಯೇ ಬೆರಳಿಟ್ಟು, ತುದಿಗೆ ಅಂಟಿದ ಕಪ್ಪನ್ನು ಪೇಪರಿಗೆ ಒರೆಸಿದಳು.

"ಈ ಹುಲಿಗೆ ಮೀಸೆನೇ ಇಲ್ವಲ್ಲೇ" ಎಂದು ಕುರ್ಚಿ ಎಳೆದುಕೊಂಡು ಕೂತಳು.