ಕಣ್ಣು ಮುಚ್ಚಿದರೆ ಓಡುವ ಕಾರು

ಕೊಬ್ಬರಿ ಎಣ್ಣೆಯಲ್ಲಿ ದಾಸವಾಳದ ಎಲೆ, ತುಳಸಿ, ಒಂದು ಚಿಟಿಕೆ ಜೀರಿಗೆ ಸಣ್ಣ ಉರಿಯಲ್ಲಿ ಕಾಯುವಾಗಿನ ವಾಸನೆ. ಅಮ್ಮನ ಮಂಡಿಗಳ ನಡುವೆ ಕೂತು, ಕಣ್ಣಿಗೆ ಇಳಿಯುತ್ತಿದ್ದ ಎಣ್ಣೆಯನ್ನು ಮುಂಗೈಯಿಂದ ಒರೆಸಿಕೊಳ್ಳುತ್ತಿದ್ದ ಆ ಶನಿವಾರಗಳು ವಿಲಾಸಿನಿಗೆ ಒಮ್ಮೆಲೇ ನೆನಪಾದವು. ವಾಸನೆ ಬರುತ್ತಿದ್ದುದು ಎದುರಿನ ಕುರ್ಚಿಯಲ್ಲಿ ಕೂತಿದ್ದ ಒಂಬತ್ತನೇ ತರಗತಿಯ ಆರ್ದ್ರಳ ತಲೆಯಿಂದ. ಅವಳ ಸರದಿ ಬಂದಿತ್ತು, ಕಾರು ಮಾತ್ರ ಕದಲುತ್ತಿರಲಿಲ್ಲ.

ಕೋಳಿಕ್ಕೋಡಿನ ಆ ಹೆಣ್ಣುಮಕ್ಕಳ ಶಾಲೆಗೆ ಎಂಜಿನಿಯರ್ ರಿಜೇಶ್ ಬೆಳಿಗ್ಗೆಯೇ ಯಂತ್ರ ತಂದು ಜೋಡಿಸಿದ್ದ. ತಲೆಗೆ ತಂತಿಗಳ ಪಟ್ಟಿ ಕಟ್ಟಿಕೊಂಡು ಸುಮ್ಮನೆ ಕಣ್ಣು ಮುಚ್ಚಿದರೆ ಮೆದುಳಿನ ಹಿಂಭಾಗದಲ್ಲಿ ನಿಧಾನದ ಅಲೆಗಳು ಏಳುತ್ತವೆ. ಕಂಪ್ಯೂಟರ್ ಅದನ್ನು ಹಿಡಿದು ಮೇಜಿನ ಮೇಲಿನ ಸುತ್ತುದಾರಿಯಲ್ಲಿ ಕೆಂಪು ಆಟಿಕೆ ಕಾರನ್ನು ಓಡಿಸುತ್ತದೆ. ಕಣ್ಣು ತೆರೆದರೆ ಅಲೆ ಅಡಗುತ್ತದೆ, ಕಾರೂ ನಿಲ್ಲುತ್ತದೆ. ಹಾಗಾಗಿ ಓಡಿಸುವವಳಿಗೆ ತನ್ನ ಕಾರು ಓಡುವುದು ಕಾಣುವುದೇ ಇಲ್ಲ. ಗೆಳತಿಯರು ಕಿರುಚಿ ಹೇಳಬೇಕು. ಮೂವತ್ತೊಂದು ಹುಡುಗಿಯರಿಗೆ ಓಡಿತ್ತು. ಕೊನೆಯವಳಾದ ಆರ್ದ್ರ ಕಣ್ಣು ಮುಚ್ಚಿದಾಗ ಕಂಪ್ಯೂಟರ್ ಪರದೆಯ ತುಂಬ ಅಲೆಗಳ ಬದಲು ಬರೀ ಕಪ್ಪು ಮುಳ್ಳುಗಳು.

“ಎಡೀ ಹುಡುಗೀ, ನಿನ್ನ ತಲೇಲಿ ರೇಂಜೇ ಇಲ್ಲ!” ಎಂದಳು ಮುಂದಿನ ಬೆಂಚಿನ ಫಿದಾ.

“ಸಿಮ್ ಹಾಕೋದೇ ಮರೆತಿದಾಳೆ ಕಣೇ!” ಹಿಂದಿನಿಂದ ಇನ್ನೊಬ್ಬಳು.

ತರಗತಿ ಗೊಳ್ಳೆಂದಿತು. ಅಷ್ಟರಲ್ಲಿ ಊಟದ ಬೆಲ್ಲು. “ಒಬ್ಬೊಬ್ಬರಿಗೆ ಹಿಡಿಯಲ್ಲ, ಬಿಡು ಮೋಳೇ,” ಎಂದು ಮಗಳನ್ನು ಕರೆದಂತೆ ಹೇಳಿ ರಿಜೇಶ್ ಕೈ ತೊಳೆಯಲು ಹೋದ. ಹುಡುಗಿಯರೂ ನುಗ್ಗಿಕೊಂಡು ಹೊರಬಿದ್ದರು. ಆರ್ದ್ರ ಏಳಲಿಲ್ಲ. ತಲೆಯ ಪಟ್ಟಿಯನ್ನೂ ಬಿಚ್ಚಲಿಲ್ಲ.

“ಟೀಚರೇ, ನಿಜ ಹೇಳಿ. ನನ್ನ ಮೆದುಳು ಕೆಲಸ ಮಾಡ್ತಿಲ್ವಾ?”

ವಿಲಾಸಿನಿ ಟೀಚರಲ್ಲ. ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ರೋಗಿಗಳ ತಲೆಗೆ ತಂತಿ ಅಂಟಿಸಿ, ಮೆದುಳಿನ ಅಲೆಗಳನ್ನು ಕಾಗದಕ್ಕಿಳಿಸಿ ನಿವೃತ್ತಿಯಾದವಳು. ಇವತ್ತು ರಿಜೇಶನ ನೆರವಿಗೆಂದು ಬಂದಿದ್ದಳು.

“ಯಾರು ಹಾಗಂದಿದ್ದು?”

“ಗಣಿತದ ಸಾರ್ ದಿನಾ ಹೇಳ್ತಾರೆ. ಅದು ತಮಾಷೆಗೆ ಅಂದ್ಕೊಂಡಿದ್ದೆ. ಇವತ್ತು ಮೆಷಿನ್ನೂ ಹೇಳ್ಬಿಡ್ತು.”

“ಮೆಷಿನ್‌ಗೆ ನಿನ್ನ ಮೆದುಳು ಸಿಕ್ಕೇ ಇಲ್ಲ. ಮಧ್ಯೆ ಎಣ್ಣೆ ಕೂತಿದೆ ನೋಡು. ಎಣ್ಣೆ ಹಚ್ಕೊಂಡು ಬರ್ಬೇಡಿ ಅಂತ ಚೀಟಿ ಕೊಟ್ಟಿದ್ರಲ್ಲ?”

“ಓದಿದ್ದೆ. ಆದ್ರೆ ಮೆದುಳಿನ ವಿಷಯ ಅಲ್ವಾ ಟೀಚರೇ... ಪರೀಕ್ಷೆ ದಿನ ಅಮ್ಮಮ್ಮ ನೆತ್ತಿಗೆ ಎಣ್ಣೆ ಒತ್ತೀನೇ ಕಳಿಸ್ತಿದ್ರು. ತಲೆ ತಣ್ಣಗಿದ್ರೆ ಎಲ್ಲಾ ಹೊಳೆಯುತ್ತೆ ಅಂತ.”

“ಸರಿ, ಬಾ. ನಲ್ಲಿ ಹತ್ರ ಸೋಪಿದೆ. ತೊಳೆದು ಒರೆಸಿದ್ರೆ ಆಯ್ತು, ಹತ್ತು ನಿಮಿಷ.”

ಹುಡುಗಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. “ಬೇಡ. ಇದು ಅಮ್ಮಮ್ಮ ಕಾಯಿಸಿದ್ದು. ಓಣಂ ಮುಗಿದ ವಾರ ಹೋಗ್ಬಿಟ್ರು. ತಳದಲ್ಲಿ ಒಂಚೂರು ಉಳಿದಿತ್ತು, ಬಾಟ್ಲಿ ಬಗ್ಗಿಸಿಟ್ಟು ಇವತ್ತು ಪೂರ್ತಿ ಹಚ್ಕೊಂಡೆ. ಕಾರು ಓಡದಿದ್ರೆ ಬೇಡ ಬಿಡಿ.”

ಆಸ್ಪತ್ರೆಯ ಬಾಗಿಲಲ್ಲಿ ವಿಲಾಸಿನಿ ಎಷ್ಟು ತಲೆಗಳನ್ನು ಮುಟ್ಟಿ ನೋಡಿ, “ಎಣ್ಣೆ, ನಾಳೆ ಶಾಂಪೂ ಹಾಕಿ ಬಾ,” ಎಂದು ಹಿಂದಕ್ಕೆ ಕಳಿಸಿದ್ದಳೋ. ಯಾರು ಹಚ್ಚಿದ ಎಣ್ಣೆ ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಆಕೆ ತನ್ನ ಚೀಲದಿಂದ ಚೂಪು ತುದಿಯ ಬಾಚಣಿಗೆ, ಹತ್ತಿ, ಸ್ಪಿರಿಟ್ಟು, ಅಂಟಿನ ಡಬ್ಬಿ ತೆಗೆದಳು. “ನೆತ್ತಿ ಮುಟ್ಟಲ್ಲ. ತಲೆಯ ಹಿಂದೆ ಒಂದು ಕಡಲೆಕಾಳಿನಷ್ಟು ಜಾಗ ಕೊಡು, ಕಿವಿ ಹಿಂದೆ ಇನ್ನೊಂದು. ಮಿಕ್ಕಿದ್ದೆಲ್ಲ ನಿನಗೇ ಇರ್ಲಿ.” ತಲೆಯ ಪಟ್ಟಿ ಬಿಚ್ಚಿಟ್ಟು, ಕೂದಲನ್ನು ಎಳೆ ಎಳೆಯಾಗಿ ಸರಿಸಿ, ಬೈತಲೆಯಷ್ಟೇ ಸಣ್ಣ ದಾರಿ ಮಾಡಿ, ಅಲ್ಲಿ ಮಾತ್ರ ಒರೆಸಿದಳು. ಹತ್ತಿ ಹಸಿರಾಗಿ ಬಂತು.

“ಅದನ್ನ ಎಸೀಬೇಡಿ ಟೀಚರೇ.”

ಆಕೆ ಹತ್ತಿಯನ್ನು ಒಂದು ಕಾಗದದಲ್ಲಿ ಮಡಚಿ ಹುಡುಗಿಯ ಕೈಗಿಟ್ಟಳು. ಆಮೇಲೆ ತಂತಿಯಿರುವ ಲೋಹದ ಪುಟ್ಟ ಬಿಲ್ಲೆಗಳನ್ನು ಅಂಟಿಸಿ, ತಂತಿಯನ್ನು ಯಂತ್ರಕ್ಕೆ ಸಿಕ್ಕಿಸಿ, “ಈಗ ಕಣ್ಣು ಮುಚ್ಚು,” ಎಂದಳು.

ಪರದೆಯ ಮೇಲಿನ ಮುಳ್ಳುಗಳು ಕರಗಿದವು. ಗುಂಡಗೆ, ಒಂದರ ಹಿಂದೊಂದು ಅಲೆಗಳು ಬಂದವು. ಕಾರು ಕದಲಿತು. ಕಿರುಚಲು ಯಾರೂ ಇರಲಿಲ್ಲ.

“ಓಡ್ತಿದೆಯಾ?”

“ಓಡ್ತಿದೆ ಮೋಳೇ. ತಿರುವು ದಾಟ್ತು.”

“ನನಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದೀರಾ?”

“ಬಾಯಿ ಮುಚ್ಕೊಂಡು ಕೇಳಿಸ್ಕೋ.”

ಆರ್ದ್ರ ಕಿವಿಗೊಟ್ಟಳು. ಮೂವತ್ತೊಂದು ಹುಡುಗಿಯರ ಗದ್ದಲದಲ್ಲಿ ಯಾರಿಗೂ ಕೇಳಿಸದೇ ಹೋಗಿದ್ದ ಪುಟ್ಟ ಗಾಲಿಗಳ ಸದ್ದು ಖಾಲಿ ಕೋಣೆಯಲ್ಲಿ ಸುತ್ತುತ್ತಿತ್ತು. ಅವಳ ಮುಚ್ಚಿದ ರೆಪ್ಪೆಗಳಡಿಯಿಂದ ನೀರು ಇಳಿಯಿತು, ಆದರೂ ಕಣ್ಣು ತೆರೆಯಲಿಲ್ಲ.

ಬಾಗಿಲಲ್ಲಿ ನೆರಳು ಕಂಡು ವಿಲಾಸಿನಿ ತಿರುಗಿದಳು. ಫಿದಾ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದವಳು ಕಾರು ನೋಡಿ ಹಾಗೇ ನಿಂತುಬಿಟ್ಟಳು. ವಿಲಾಸಿನಿ ತುಟಿಗೆ ಬೆರಳಿಟ್ಟಳು. ಫಿದಾ ಚಪ್ಪಲಿ ಹೊರಗೇ ಬಿಟ್ಟು, ತುದಿಗಾಲಲ್ಲಿ ಬಂದು ಕುರ್ಚಿಯ ಪಕ್ಕ ನಿಂತಳು. ಕಾರು ಇನ್ನೂ ನಾಲ್ಕು ಸುತ್ತು ಹೊಡೆಯಿತು. ಅವಳು ಕಾದಳು.

ಆರ್ದ್ರ ಕಣ್ಣು ತೆರೆದಳು. ಕಾರು ನಿಂತಿತು. ಫಿದಾ ಬಾಳೆಲೆಯಲ್ಲಿ ಕಟ್ಟಿದ ಆರ್ದ್ರಳ ಊಟದ ಪೊಟ್ಟಣವನ್ನು ಅವಳ ಮಡಿಲಿಗೆ ಇಟ್ಟಳು. ಇನ್ನೊಂದು ಕೈಯಲ್ಲಿದ್ದ ತನ್ನ ಪೊಟ್ಟಣದ ದಾರವನ್ನೂ ಫಿದಾ ಇನ್ನೂ ಬಿಚ್ಚಿರಲಿಲ್ಲ.